ಬೇಸಿಗೆಯಲ್ಲಿ ಮನೆ ಖರ್ಚು ಹೇಗೆ ಹಿಡಿತಕ್ಕೆ ತರ್ತೀರಿ ಅಂತ ಕೇಳುವವರಿಗೆ

ಏಪ್ರಿಲ್ ಬಂತು ಅಂದರೆ ಈ ಪ್ರಶ್ನೆ ಶುರು. "ವೈನಿ, ಖರ್ಚು ಕೈ ಮೀರಿ ಹೊಂಟದ, ನೀವು ಹ್ಯಾಂಗ ಸಂಭಾಳಸ್ತೀರಿ?" ಹೀಗೆ ಕೇಳಿದರೆ ಕೂತು ಹೇಳುತ್ತೇನೆ. ಆದರೆ ಜಾಸ್ತಿ ಜನ ಹೀಗೆ ಕೇಳುವುದಿಲ್ಲ. "ಕರೆಂಟ್ ಫ್ರೀ, ಬಸ್ ಫ್ರೀ, ತಿಂಗಳಿಗೆ ಎರಡು ಸಾವಿರ ಬ್ಯಾರೆ. ಇನ್ನ ಖರ್ಚರೆ ಏನದವಾ?" ಅನ್ನುತ್ತಾರೆ. ಹೋದ ವರ್ಷ ಕಲಬುರಗಿಯಲ್ಲೇ ಒಂದು ಮದುವೆಯಲ್ಲಿ ನಮ್ಮ ಸಂಬಂಧಿಕರೊಬ್ಬರು ಹತ್ತು ಜನರ ಮುಂದೆ ಇದನ್ನೇ ಕೇಳಿದರು. "ಹೆಣ್ಮಕ್ಕಳು ಕೈ ಬಿಗಿ ಹಿಡಿದ್ರ ಎಲ್ಲಾ ಸರಿ ಹೋಗ್ತದ" ಅಂತ ಉತ್ತರವನ್ನೂ ತಾವೇ ಕೊಟ್ಟರು. ಮದುವೆ ಮನೆ ಅಂತ ಸುಮ್ಮನಿದ್ದೆ. ಇಲ್ಲಿ ಹೇಳುತ್ತೇನೆ.

ಮೊದಲು ಆ ಫ್ರೀ ಕರೆಂಟಿನ ಮಾತು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಇಲ್ಲ. ನಮ್ಮಂಥ ಮನೆಗೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೆವೋ ಅದರ ಮೇಲೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ತಿಂಗಳಿಗೆ 200 ಅಂದರೆ ದಿನಕ್ಕೆ ಆರೂವರೆ ಯೂನಿಟ್ ಚಿಲ್ಲರೆ. ಒಂದೂವರೆ ಟನ್ನಿನ ಎ.ಸಿ. ರಾತ್ರಿಯಿಡೀ ಓಡಿದರೆ ಅದೊಂದೇ ಹೆಚ್ಚುಕಡಿಮೆ ಅಷ್ಟನ್ನೂ ಮುಗಿಸುತ್ತದೆ. 200 ವ್ಯಾಟಿನ ಕೂಲರ್ ಎಂಟು ಗಂಟೆಗೆ 1.6 ಯೂನಿಟ್. ನಮ್ಮದು ಒಣ ಬಿಸಿಲು, ಕೂಲರ್ ಇಲ್ಲಿ ನಿಜವಾಗಿ ತಣಿಸುತ್ತದೆ. ಆದರೆ ಅದನ್ನು ಕಿಟಕಿಗೆ ಕೂರಿಸಿ ಎದುರಿನ ಕಿಟಕಿ ತೆರೆದಿಡಬೇಕು. ಎಲ್ಲಾ ಮುಚ್ಚಿಕೊಂಡು ಹಚ್ಚಿದರೆ ಮೈ ಅಂಟಂಟಾಗಿ ಎ.ಸಿ.ಯೇ ಬೇಕು ಅನ್ನಿಸುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ 1.30. ನಮ್ಮನೆಯವರು ಊಟಕ್ಕೆ ಮನೆಗೇ ಬರುತ್ತಾರೆ, ಮಕ್ಕಳಿಗೂ ರಜೆ. ಮಧ್ಯಾಹ್ನ ಎಲ್ಲರೂ ಒಂದೇ ಕೋಣೆ, ಒಂದೇ ಕೂಲರ್. ಭಾನುವಾರ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಬಿಲ್ ಬಂದ ಮೇಲೆ ನೋಡಿ ಏನು ಪ್ರಯೋಜನ?

ಆದರೆ ದೊಡ್ಡ ದುಡ್ಡು ಹೋಗುವುದು ಕರೆಂಟಿಗಲ್ಲ, ವರ್ಷದ ಕಾಳುಕಡಿಗೆ. ಹಿಂಗಾರಿ ಜೋಳ ರಾಶಿಯಾಗುವುದು ಫೆಬ್ರವರಿ-ಮಾರ್ಚಿಗೆ. ಆಗಲೇ ಗಂಜ್‌ಗೆ, ಅಂದರೆ ಕಾಳಿನ ಸಗಟು ಮಾರುಕಟ್ಟೆಗೆ ಹೋಗಿ ಚೀಲ ತರಬೇಕು. ಅದರ ಹಿಂದೆಯೇ ಮೆಣಸಿನಕಾಯಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ತೊಟ್ಟು ಮುರಿದು ಮಾಳಿಗೆ ಮೇಲೆ ಒಣಹಾಕಬೇಕು. ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆಮೇಲೆ ಗಿರಣಿ. ಶಾವಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲಾ ಈ ಬಿಸಿಲಲ್ಲೇ. ವರ್ಷವಿಡೀ ತಿನ್ನುವ ರೊಟ್ಟಿಯ ದುಡ್ಡನ್ನು ಏಪ್ರಿಲ್ ತಿಂಗಳ ತಲೆಗೆ ಕಟ್ಟಿ ಖರ್ಚು ಜಾಸ್ತಿ ಆಯ್ತು ಅಂದರೆ ಆ ತಿಂಗಳು ಏನು ಮಾಡೀತು?

ಅದಕ್ಕೇ ನನ್ನ ಲೆಕ್ಕದ ಪುಸ್ತಕ ಎರಡು. ವರ್ಷದ್ದು ಬೇರೆ, ತಿಂಗಳದ್ದು ಬೇರೆ. ಕಾಳು, ಶಾಲೆ ಫೀಸು, ಮದುವೆಗಳ ಆಹೇರಿ (ಉಡುಗೊರೆ) ವರ್ಷದ ಪುಸ್ತಕಕ್ಕೆ. ಅದರ ಹನ್ನೆರಡನೇ ಒಂದು ಪಾಲು ಜೂನ್‌ನಿಂದಲೇ ತಿಂಗಳಾ ತೆಗೆದಿಡುತ್ತೇನೆ. ಈಗಾಗಲೇ ಕೈ ಮೀರಿದವರೂ ಇದನ್ನೇ ಮಾಡಿ. ಆಗಿರುವ ಖರ್ಚನ್ನು ಮೊದಲು ಎರಡಾಗಿ ಬೇರ್ಪಡಿಸಿ. ಕತ್ತರಿ ಹಾಕುವುದೇನಿದ್ದರೂ ತಿಂಗಳದ್ದಕ್ಕೆ. ದುಡ್ಡಿಲ್ಲ ಅಂತ ಜೋಳದ ಚೀಲ ಬಿಟ್ಟರೆ ಮಳೆಗಾಲದಲ್ಲಿ ಕಿಲೋ ಲೆಕ್ಕದಲ್ಲಿ ಜಾಸ್ತಿ ಕೊಟ್ಟು ತರುತ್ತೀರಿ.

ಇಷ್ಟು ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ನೀರಿಗೆ ಎಷ್ಟು ಹೋಗ್ತದೆ? ನಮ್ಮ ಊರಿಗೆ ನೀರು ಭೀಮಾ ನದಿಯಿಂದ, ಬೆಣ್ಣೆತೊರಾ ಜಲಾಶಯದಿಂದ. ಭೀಮೆ ಬತ್ತಿ, ಉಜನಿ ಅಣೆಕಟ್ಟಿನಿಂದ ನೀರು ಬಿಡಿ ಅಂತ ನಮ್ಮ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಂಡ ಬೇಸಿಗೆಗಳಿವೆ. ನಲ್ಲಿ ಬರುವುದು ತಡವಾದರೆ ಟ್ಯಾಂಕರ್. ಕುಡಿಯಲು ಕ್ಯಾನ್. ಕೂಲರಿಗೂ ನೀರೇ ಬೇಕು. ಕೈ ಎಷ್ಟೇ ಬಿಗಿ ಹಿಡಿದರೂ ಈ ಖರ್ಚು ಇಳಿಯುವುದಿಲ್ಲ.

ಅದೂ ನಮ್ಮದು ಸಂಪ್ ಇರುವ ಮನೆ. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕನ ಮನೆಯಲ್ಲಿ ಇರುವುದು ಕೊಡಗಳು. ನಲ್ಲಿ ಬರುವ ದಿನ ನೀರು ಹಿಡಿಯಲು ಅವರು ಮನೆಯಲ್ಲೇ ಇರಬೇಕು, ಕೆಲಸಕ್ಕೆ ಬರಲಾಗುವುದಿಲ್ಲ. ಆ ದಿನದ ಸಂಬಳವನ್ನು ಎಷ್ಟೋ ಮನೆಯವರು ಹಿಡಿದುಕೊಳ್ಳುತ್ತಾರೆ, ಬೇಸಿಗೆ ಖರ್ಚಿನ ಲೆಕ್ಕ ಹೇಳಿ. ನಾವು ಹಿಡಿಯುವುದಿಲ್ಲ. ನೀವೂ ಹಿಡಿಯಬೇಡಿ.