ಕಂಪೌಂಡಿನಾಚೆಯ ಇಳಿಜಾರು

ಬೆಳಗಾವಿಯ ಟಿಳಕವಾಡಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ವಯಸ್ಸಾದವರು ಫುಟ್‌ಪಾತ್ ಬಿಟ್ಟು ರಸ್ತೆಯ ಮೇಲೆಯೇ ನಡೆಯುತ್ತಾರೆ. ಇದನ್ನು ಕಂಡವರೆಲ್ಲ ಮಹಾನಗರ ಪಾಲಿಕೆಯನ್ನು ದೂರುತ್ತಾರೆ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಭಾಗದ ಒಳರಸ್ತೆಗಳಲ್ಲಿ ನಡೆಯುವ ಜಾಗವನ್ನು ಹೆಚ್ಚಾಗಿ ಕೆಡಿಸಿರುವುದು ಅದಕ್ಕೆ ಹೊಂದಿಕೊಂಡ ಮನೆಗಳ ಮಾಲೀಕರೇ.

ಇದು ಆಗುವ ಬಗೆ ಹೀಗೆ. ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋದಂತೆ ರಸ್ತೆ ಏರುತ್ತದೆ. ನೀರು ಒಳಗೆ ನುಗ್ಗೀತೆಂಬ ಭಯದಿಂದ ಮನೆ ಕಟ್ಟುವವರು ಪಾಯವನ್ನು ಇನ್ನೂ ಎತ್ತರಿಸುತ್ತಾರೆ. ಆ ಎತ್ತರಕ್ಕೆ ಕಾರು ಹತ್ತಬೇಕೆಂದು ಗೇಟಿನಿಂದ ರಸ್ತೆಯವರೆಗೆ ಸಿಮೆಂಟಿನ ಇಳಿಜಾರು ಬರುತ್ತದೆ. ಫುಟ್‌ಪಾತ್ ಅದರ ಅಡಿಯಲ್ಲಿ ಹೂತುಹೋಗುತ್ತದೆ. ಚೆಂದಕ್ಕೆಂದು ಮೇಲೆ ನುಣುಪಾದ ಟೈಲ್ಸ್ ಕೂರಿಸುತ್ತಾರೆ, ಜುಲೈ ಹೊತ್ತಿಗೆ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಗಟಾರದ ನೀರು ಹರಿಯಲೆಂದು ಇಳಿಜಾರಿನ ಕೆಳಗೆ ಬಿಟ್ಟ ಸಣ್ಣ ಪೈಪಿಗೆ ಎಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ನೀರು ಮೇಲೆ ಬಂದು, ಪಕ್ಕದಲ್ಲಿ ಒಡೆದುಬಿದ್ದ ಫರಸಿಯನ್ನೂ ಅದರ ಬಾಯಿಬಿಟ್ಟ ಸಂದನ್ನೂ ಮುಚ್ಚಿಬಿಡುತ್ತದೆ. ಕಾಲು ಇಡುವವರಿಗೆ ಕಾಣುವುದು ಕೆಂಪು ನೀರು ಮಾತ್ರ.

ಇಂತಹ ಇಳಿಜಾರಿನ ಬಗ್ಗೆ ಮಾತೆತ್ತಿದಾಗ ನೆರೆಯವರೊಬ್ಬರು ನನಗೆ ಕೊಟ್ಟ ಉತ್ತರ, "ನಮ್ಮ ಮನಿ ಮುಂದಿನ ಜಾಗಾ ಐತ್ರಿ, ಯಾರಿಗೇನ್ ತ್ರಾಸ?" ಎಂಬುದು. ಅವರು ಕೆಟ್ಟವರಲ್ಲ, ಕಂಪೌಂಡಿನಾಚೆಗೂ ತಮ್ಮ ಹಕ್ಕು ಚಾಚಿದೆ, ಹೊಣೆ ಮಾತ್ರ ಪಾಲಿಕೆಯದು ಎಂದು ನಂಬಿದ್ದಾರೆ. ಈ ನಂಬಿಕೆಯೇ ನನಗೆ ಅನ್ಯಾಯವೆನ್ನಿಸುತ್ತದೆ.

ನ್ಯೂಯಾರ್ಕ್ ನಗರವು 2003ರಲ್ಲಿ ತಂದ ಕಾಯ್ದೆಯ ಪ್ರಕಾರ, ಮಾಲೀಕರೇ ವಾಸಿಸುವ ಸಣ್ಣ ಮನೆಗಳನ್ನು ಬಿಟ್ಟು ಉಳಿದ ಕಟ್ಟಡಗಳ ಮುಂದಿನ ಕಾಲುದಾರಿ ಕೆಟ್ಟು ಯಾರಾದರೂ ಬಿದ್ದರೆ ಪರಿಹಾರದ ಹೊಣೆ ಮಾಲೀಕರದ್ದು. ನಮ್ಮಲ್ಲಿ ದುರಸ್ತಿಯ ಕರ್ತವ್ಯ ಪಾಲಿಕೆಯದೇ ಆಗಿದೆ, ಹಾಗೆಯೇ ಇರಲಿ. ಆದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮು, ತನ್ನ ಕೃತ್ಯದಿಂದಾಗಲಿ, ತನ್ನ ಸ್ವಾಧೀನದಲ್ಲಿರುವ ಆಸ್ತಿಯ ಬಗ್ಗೆ ಎಚ್ಚರ ವಹಿಸದೆ ಆಗಲಿ, ಸಾರ್ವಜನಿಕ ಮಾರ್ಗದಲ್ಲಿ ಜನರಿಗೆ ಅಪಾಯ ಅಥವಾ ಅಡ್ಡಿ ಉಂಟುಮಾಡಿದವರಿಗೆ 5,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ, ಪಾದಚಾರಿಗಳಿಗೆ ಸುರಕ್ಷಿತ ಫುಟ್‌ಪಾತ್ ದೊರೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆ ಹಕ್ಕು ಅಂಗವಿಕಲರಿಗೂ ದಕ್ಕುವಂತಿರಬೇಕೆಂಬುದನ್ನು ನ್ಯಾಯಾಲಯ ಒತ್ತಿ ಹೇಳಿತು. ಗಾಲಿಕುರ್ಚಿಯಲ್ಲಿ ಹೋಗುವವರು ಅಡ್ಡಲಾಗಿ ಓರೆಯಾದ ಈ ಇಳಿಜಾರುಗಳನ್ನು ದಾಟುವುದಾದರೂ ಹೇಗೆ?

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಫುಟ್‌ಪಾತಿನ ರೂಪವನ್ನು ಬದಲಿಸಿದವರೇ ಅದರ ಅಪಾಯಕ್ಕೂ ಹೊಣೆಗಾರರಾಗಬೇಕು, ತೆಗೆಸುವ ಖರ್ಚನ್ನು ಪಾಲಿಕೆಯು ಅವರಿಂದಲೇ ವಸೂಲು ಮಾಡಬೇಕು. ಹಣ್ಣು, ತರಕಾರಿ ಮಾರುವವರ ಬುಟ್ಟಿಗಳನ್ನು ಎತ್ತಿಸುವಷ್ಟು ಚುರುಕು ಇಲ್ಲೂ ಕಾಣಬೇಕು.

ಮನೆಯವರು ನೋಟಿಸಿಗೆ ಕಾಯಬೇಕಾಗಿಯೂ ಇಲ್ಲ. ಇಳಿಜಾರನ್ನು ಕಂಪೌಂಡಿನ ಒಳಗೆ ತೆಗೆದುಕೊಳ್ಳಬಹುದು. ಟೈಲ್ಸ್ ಕಿತ್ತು ಒರಟು ಕಲ್ಲು ಹಾಸಬಹುದು. ಗಟಾರದ ಮೇಲೆ ಎತ್ತಿ ಸ್ವಚ್ಛಗೊಳಿಸಬಹುದಾದ ಕಬ್ಬಿಣದ ಜಾಳಿಗೆ ಇಡಬಹುದು. ಹೊರಗೆ ತೆರೆಯುವ ಗೇಟನ್ನು ಒಳಗೆ ತೆರೆಯುವಂತೆ ತಿರುಗಿಸಬಹುದು. ಮೊದಲ ಮಳೆ ಬೀಳುವ ಮುಂಚೆಯೇ ಗೌಂಡಿಯನ್ನು ಕರೆಸಿದರೆ ಒಳ್ಳೆಯದು, ಜೂನ್ ಬಂದ ಮೇಲೆ ಇಲ್ಲಿ ಸಿಮೆಂಟ್ ಒಣಗುವುದೇ ಕಷ್ಟ.