ವಾಲಿಯ ಪ್ರಶ್ನೆ, ದರ್ಜಿಯ ಉತ್ತರ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳೂ ಅಷ್ಟರೊಳಗೆ ಗೆಜ್ಜೆ ಬಿಚ್ಚಿರುತ್ತವೆ. ಮೀನುಗಾರರಿಗೂ ಕಲಾವಿದರಿಗೂ ಒಟ್ಟಿಗೆ ಬಿಡುವು ಒದಗುವ ಈ ಮಳೆಯ ದಿನಗಳೇ ಕುಂದಾಪುರದ ಕಡೆ ತಾಳಮದ್ದಳೆಗೆ ಹೇಳಿಮಾಡಿಸಿದ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಆ ಪದ್ಯದ ಎಳೆ ಹಿಡಿದು ಆಶುವಾಗಿ ಮಾತನಾಡುತ್ತಾರೆ.

ಕಳೆದ ಜುಲೈನ ಒಂದು ಸಂಜೆ ದೇವಸ್ಥಾನದ ಸಭಾಭವನದಲ್ಲಿ ‘ವಾಲಿ ಮೋಕ್ಷ’ ನಡೆಯಿತು. ವಾಲಿಯ ಅರ್ಥಕ್ಕೆ ಹೊರಗಿನಿಂದ ಬಂದವರು ಹೆಸರಾಂತ ಅರ್ಥಧಾರಿ, ವೃತ್ತಿಯಲ್ಲಿ ಪ್ರಾಧ್ಯಾಪಕರು. ರಾಮನ ಅರ್ಥ ಹೇಳುವವರು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮೂರಿನವರೇ. ತೇವದ ಹವೆಗೆ ಮದ್ದಳೆಯ ಚರ್ಮ ಸಡಿಲವಾಗಿದ್ದುದರಿಂದ ಶ್ರುತಿ ಕೂಡಿಸುವುದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು. ವಾಲಿಯ ಅರ್ಥವೆಂದರೆ ಶೇಣಿ ಗೋಪಾಲಕೃಷ್ಣ ಭಟ್ಟರನ್ನು (1918–2006) ನೆನೆಯದ ಹಿರಿಯ ಪ್ರೇಕ್ಷಕರು ಕಡಿಮೆ. ಪಕ್ಕದಲ್ಲಿದ್ದವರು ಆ ನೆನಪುಗಳನ್ನು ಮೆಲುಕು ಹಾಕುತ್ತಿದ್ದುದನ್ನು ಕೇಳಿ, ಇಂಥ ಕಿವಿಗಳ ಮುಂದೆ ಮಾತನಾಡುವುದು ಸುಲಭವಲ್ಲವೆಂದು ನನಗನ್ನಿಸಿತು.

ಸುಗ್ರೀವನ ಮೊರೆ, ತಾರೆಯ ಎಚ್ಚರಿಕೆ, ಅಣ್ಣತಮ್ಮಂದಿರ ಕಾಳಗ ಇವೆಲ್ಲ ಬೇಗನೆ ಮುಗಿದವು. ಎಲ್ಲರೂ ಕಾದಿದ್ದದ್ದು ಬಾಣ ತಾಗಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುವ ಭಾಗಕ್ಕೆ. ಪ್ರಾಧ್ಯಾಪಕರು ಧ್ವನಿಯೇರಿಸದೆಯೇ ಕೇಳಿದರು: “ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ ನಿನ್ನನ್ನು ನಾನು ಬೇಟೆಗಾರನೆನ್ನಲೋ, ದಂಡ ಹಿಡಿದ ಅರಸನೆನ್ನಲೋ?” ನಮ್ಮ ದರ್ಜಿ ತಡವರಿಸಲಿಲ್ಲ. “ಬೇಟೆಗಾರನೆಂದರೆ ನೀನು ಮೃಗ; ಅರಸನೆಂದರೆ ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧಿ. ಯಾವುದಾಗುತ್ತೀಯೋ ನೀನೇ ಆರಿಸಿಕೋ.” ಸಭೆ ಚಪ್ಪಾಳೆ ತಟ್ಟಿತು. ವಾಲಿ ಚಪ್ಪಾಳೆ ನಿಲ್ಲುವವರೆಗೆ ಕಾದು, “ಮೃಗವಾದರೆ ನನಗೆ ತಮ್ಮನ ಹೆಂಡತಿಯೆಂಬ ಲೆಕ್ಕವೇ ಇಲ್ಲ, ಅಪರಾಧಿಯಾದರೆ ವಿಚಾರಣೆ ಎಲ್ಲಿ ನಡೆಯಿತು?” ಎಂದರು.

ವಾಲ್ಮೀಕಿಯ ರಾಮನೂ ಈ ಎರಡು ಸಮರ್ಥನೆಗಳನ್ನು ಒಂದರ ಬೆನ್ನಿಗೊಂದು ಕೊಡುತ್ತಾನೆ. ಅವು ಪರಸ್ಪರ ಹೊಂದುವುದಿಲ್ಲವೆಂಬುದನ್ನು ಆ ಕ್ಷಣದಲ್ಲಿ ಹಿಡಿದು ತೋರಿಸಿದ್ದು ಪ್ರಾಧ್ಯಾಪಕರ ಹೆಚ್ಚುಗಾರಿಕೆ. ರಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಅವರನ್ನು ಪಾರುಮಾಡಬಹುದಿತ್ತು, ಆದರೆ ತಾಳ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಭಾಗವತಿಕೆಯಲ್ಲಿ ಕಂಠಕ್ಕಿಂತ ಈ ತಾಳ್ಮೆಗೇ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಕೊನೆಗೆ ದರ್ಜಿ ಶಾಸ್ತ್ರವನ್ನು ಬದಿಗಿಟ್ಟರು: “ಸುಗ್ರೀವನಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗಾಗಿ ರಾಜ್ಯವನ್ನೇ ಬಿಟ್ಟು ಬಂದವನು ಕೀರ್ತಿಗೊಂದು ಕಲೆ ಹತ್ತುತ್ತದೆಂದು ಹಿಂಜರಿಯಲೇ?” ಇದು ವಾಲಿಯ ಪ್ರಶ್ನೆಗೆ ಉತ್ತರವಲ್ಲ. ಆದರೂ ರಾಮ ಆಡಬಹುದಾದ ಮಾತು ಹೌದು. ಪ್ರಾಧ್ಯಾಪಕರು ಅದನ್ನು ಗುರುತಿಸಿ, ಇನ್ನೂ ಕೆದಕಲು ಅವಕಾಶವಿದ್ದರೂ ಅಲ್ಲಿಗೇ ಬಿಟ್ಟು, ಅಂಗದನನ್ನು ಒಪ್ಪಿಸುವ ಮಾತಿಗೆ ಹೊರಳಿದರು. ಪ್ರಸಂಗದಲ್ಲಿ ರಾಮನೇ ಸರಿಯೆಂದು ಮುಗಿಯಬೇಕಾಗಿರುವಾಗ, ಎಲ್ಲಿ ಸೋಲಬೇಕೆಂಬುದನ್ನು ತಿಳಿದ ವಾಲಿಯಿದ್ದರೆ ಮಾತ್ರ ಎದುರಿನವನ ರಾಮತ್ವ ಉಳಿಯುತ್ತದೆ. ಗೆಲ್ಲಲೆಂದೇ ಕುಳಿತ ಅರ್ಥಧಾರಿಗಳಿಂದ ಎಷ್ಟೋ ಕೂಟಗಳು ಕೆಟ್ಟದ್ದನ್ನು ಈ ಊರು ಕಂಡಿದೆ.

ಮಂಗಳವಾದ ಮೇಲೆ ಚಹಾ ಕುಡಿಯುತ್ತಿದ್ದ ಇಬ್ಬರ ಬಳಿಗೆ ಮೀನು ಮಾರುವ ಹಿರಿಯ ಮಹಿಳೆಯೊಬ್ಬರು ಬಂದು, ಇಷ್ಟೊಂದು ಮಾತನಾಡಿದಿರಿ, ಆದರೆ ಸುಗ್ರೀವನ ಹೆಂಡತಿ ರುಮೆಗೆ ಏನನ್ನಿಸಿತೆಂದು ಇಬ್ಬರೂ ಹೇಳಲೇ ಇಲ್ಲವಲ್ಲ ಎಂದು ಆಕ್ಷೇಪಿಸಿದರು. ಪ್ರಾಧ್ಯಾಪಕರು ತಲೆದೂಗಿದರು. ದರ್ಜಿ ನಗುತ್ತಾ, ಮುಂದಿನ ವಾರ ‘ಭೀಷ್ಮ ವಿಜಯ’ವಿದೆ, ಭೀಷ್ಮನ ಅರ್ಥ ತನ್ನದೇ, ತಪ್ಪದೆ ಬನ್ನಿ ಎಂದರು. ಅಂಬೆಯ ಅರ್ಥ ಯಾರದೆಂದು ಆಕೆ ಕೂಡಲೇ ಕೇಳಿದರು.