940 ಕೊನೆಗೂ ಸಾಲಿಗೆ ಬಂತು

ಒಂದೇ ಹಾಳೆಯನ್ನು ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ (ಅವೇ ಬ್ಯಾಂಡ್‌ಗಳು) ತೆಗೆದು, ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಕಣ್ಣಿಗೆ ಕಾಣದ ಬರಹ ಹುಡುಕುವ ಕೆಲಸ ಇದು. ಅಂತೂ 940 ನ್ಯಾನೋಮೀಟರ್ (ಇನ್‌ಫ್ರಾರೆಡ್) ಚಿತ್ರ ಉಳಿದ ಬ್ಯಾಂಡ್‌ಗಳ ಮೇಲೆ ಸರಿಯಾಗಿ ಕೂತಿತು. ಹೊಳಪು ಸರಿಪಡಿಸುವ ಡಾರ್ಕ್ ಫ್ರೇಮ್, ಫ್ಲಾಟ್ ಫೀಲ್ಡ್, ಬಿಳಿ ಟಾರ್ಗೆಟ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ. ಈ ಸಲ ಪೂರ್ತಿ ಜೋಡಣೆಯದೇ ಗೋಳು.

ಸೆಟಪ್ ಹಳೆಯದೇ: ಮಾನೋಕ್ರೋಮ್ ಕ್ಯಾಮೆರಾ, ಎನ್‌ಲಾರ್ಜರ್ ಲೆನ್ಸ್, 385ರಿಂದ 940ರವರೆಗಿನ ಎಲ್‌ಇಡಿಗಳು. ಪರೀಕ್ಷೆಗೆ ಒಂದು ಹಾಳೆ. ಕೆಳಗೆ ಕಾರ್ಬನ್ ಮಸಿಯ ಬರಹ, ಅದರ ಮೇಲೆ ಐರನ್ ಗಾಲ್ ಮಸಿಯ (ಕಬ್ಬಿಣದ ಲವಣ, ಮಾಚಿಕಾಯಿ ಸೇರಿಸಿ ಮಾಡಿದ್ದು) ಗೀಚಾಟ. ಇನ್‌ಫ್ರಾರೆಡ್ ಕಡೆ ಹೋದಂತೆ ಗೀಚಾಟ ಮಸುಕಾಗುತ್ತದೆ, ಕಾರ್ಬನ್ ಮಾತ್ರ ಕಪ್ಪಾಗೇ ಉಳಿಯುತ್ತದೆ. ನೋಡೋಕೆ ಚಂದ. ಜೋಡಿಸುವ ಸಾಫ್ಟ್‌ವೇರ್‌ಗೆ ಇದೇ ಶನಿ. 530ರಲ್ಲಿ ಅದು ಗುರುತು ಹಿಡಿದ ಬಿಂದುಗಳು ಹೆಚ್ಚಿನವು ಗೀಚಾಟದ ಮೇಲೆ. 940ರಲ್ಲಿ ಆ ಗೀಚಾಟವೇ ಇಲ್ಲ! ಉಳಿದ ನಾಲ್ಕಾರು ಬಿಂದು ನಂಬಿಕೊಂಡು ಚಿತ್ರವನ್ನು ಎಳೆದಾಡಿ ಸೊಟ್ಟ ಮಾಡಿಡುತ್ತದೆ. ಬಿಂದುಗಳ ಬದಲು ಎರಡು ಚಿತ್ರಗಳ ಹೊಳಪಿನ ಸಂಬಂಧ ನೋಡಿ ಜೋಡಿಸುವ ಮ್ಯೂಚುವಲ್ ಇನ್ಫರ್ಮೇಶನ್ ಸ್ವಲ್ಪ ವಾಸಿ. ಖಾಲಿ ಜಾಗ ಜಾಸ್ತಿ ಇದ್ದರೆ ಅದೂ ಕೈಕೊಡುತ್ತದೆ.

ಬ್ಯಾಂಡ್‌ಗಳ ನಡುವಿನ ವ್ಯತ್ಯಾಸವನ್ನು ಎತ್ತಿ ತೋರಿಸುವ ಲೆಕ್ಕ ಪಿಸಿಎ ಅಂತೂ ಅರ್ಧ ಪಿಕ್ಸೆಲ್ ಜೋಡಣೆ ತಪ್ಪನ್ನೂ ಕ್ಷಮಿಸುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಬದಿ ಬಿಳಿ ಅಂಚು, ಇನ್ನೊಂದು ಬದಿ ಕಪ್ಪು, ಉಬ್ಬು ಕೆತ್ತನೆ ಥರ. ಅದನ್ನೇ ನೋಡಿ ಗುಪ್ತ ಲಿಪಿ ಸಿಕ್ತು ಅಂತ ಕುಣಿಯುವವರು ನಮ್ಮಲ್ಲಿ ಕಮ್ಮಿ ಇಲ್ಲ ಬಿಡಿ.

ತಂಟೆಯ ಮೂಲ ಲೆನ್ಸು. 940ರ ಫೋಕಸ್ ಬೇರೆ ಕಡೆ ಬೀಳುತ್ತದೆ. ರಿಂಗ್ ತಿರುಗಿಸಿದರೆ ಚಿತ್ರದ ಅಳತೆಯೇ ಬದಲು. ತಿರುಗಿಸದೆ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿದರೆ ಡಿಫ್ರಾಕ್ಷನ್, ಅಂದರೆ ಬೆಳಕು ಹರಡುವ ಕಾಟ: ಒಂದು ಬಿಂದು ಹರಡಿ ಆಗುವ ಚುಕ್ಕಿ (ಏರಿ ಡಿಸ್ಕ್) 470ರಲ್ಲಿ ಸುಮಾರು 12.6 ಮೈಕ್ರಾನ್, 940ರಲ್ಲಿ ಅದರ ಎರಡರಷ್ಟು. ನನ್ನ ಪಿಕ್ಸೆಲ್ 3.76 ಮೈಕ್ರಾನ್, ಆ ಮಸುಕನ್ನು ಇಟ್ಟುಕೊಂಡು ಏನು ಮಾಡೋದು? ಹಾಗಾಗಿ ಎಫ್/5.6, ಮತ್ತು ಬ್ಯಾಂಡಿಗೊಂದು ಫೋಕಸ್.

ದಾರಿ ಸಿಕ್ಕಿದ್ದು ಎಲ್ಲಿ ಅಂದರೆ, ಜೋಡಣೆಯ ವಿಷಯದಲ್ಲಿ ಹಾಳೆಯನ್ನು ಕೇಳಲೇಬಾರದು. ರಿಂಗಿಗೆ ಸ್ಟೆಪರ್ ಮೋಟಾರ್ ಕಟ್ಟಿದೆ. ಬ್ಯಾಂಡ್‌ಗೆ ತಕ್ಕ ಸ್ಥಾನ ಬರೆದಿಟ್ಟುಕೊಂಡು, ಅಲ್ಲೆಲ್ಲ ಫ್ರೇಮ್ ತುಂಬ ಚೌಕುಳಿ ಬೋರ್ಡ್ ತೆಗೆದೆ. ಆ ಬೋರ್ಡಿನಿಂದ ಬಂದ ವಾರ್ಪನ್ನೇ (ಚಿತ್ರವನ್ನು ಎಳೆದು ಸರಿಯಾಗಿ ಕೂರಿಸುವ ಲೆಕ್ಕ) ಮುಂದೆ ಎಲ್ಲ ಚಿತ್ರಗಳಿಗೂ ಹಾಕುವುದು. ಮೋಟಾರ್ ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಬೇಕು, ಇಲ್ಲವಾದರೆ ಗೇರಿನ ಸಡಿಲು ಎಲ್ಲ ಕೆಡಿಸುತ್ತದೆ. ಬೋರ್ಡ್ ಲೇಸರ್ ಪ್ರಿಂಟರ್‌ನದೇ ಆಗಲಿ. ಕಪ್ಪು ಟೋನರ್‌ನಲ್ಲಿ ಕಾರ್ಬನ್ ಇದೆ. ಇಂಕ್‌ಜೆಟ್‌ನ ಡೈ ಕಪ್ಪು ಇನ್‌ಫ್ರಾರೆಡ್‌ನಲ್ಲಿ ಮಾಯ. ದಪ್ಪ ಹಲಗೆಯ ಮೇಲಿನ ಚಿತ್ರವಾದರೆ ಅಷ್ಟೇ ದಪ್ಪ ಟೇಬಲ್ ಇಳಿಸಿ, ಮೇಲ್ಮೈ ಬೋರ್ಡ್ ಇದ್ದ ಮಟ್ಟಕ್ಕೇ ಬರಬೇಕು.

ಮಧ್ಯೆ ಇನ್ನೊಂದು ಹುಳ ತಲೆಗೆ ಹೊಕ್ಕಿದೆ. ಈಜಿಪ್ಷಿಯನ್ ಬ್ಲೂ! ತಾಮ್ರ, ಕ್ಯಾಲ್ಸಿಯಂ ಸಿಲಿಕೇಟ್‌ನ ಈ ಹಳೆಯ ಬಣ್ಣಕ್ಕೆ ಕಣ್ಣಿಗೆ ಕಾಣುವ ಬೆಳಕು ಹಾಕಿದರೆ ಸುಮಾರು 910ರಲ್ಲಿ ತಾನೇ ಹೊಳೆಯುತ್ತದೆ. ಇನ್‌ಫ್ರಾರೆಡ್ ಫೋಕಸ್ ಈಗ ಕೈಯಲ್ಲಿದೆ. 830ಕ್ಕಿಂತ ಉದ್ದದ ತರಂಗಗಳನ್ನು ಮಾತ್ರ ಬಿಡುವ ಲಾಂಗ್‌ಪಾಸ್ ಫಿಲ್ಟರ್, ಇನ್‌ಫ್ರಾರೆಡ್ ಸೋರದ ಕೆಂಪು ಎಲ್‌ಇಡಿ ಸಿಕ್ಕರೆ ಸಾಕು. ಒಂದು ಚೂರು ಪಿಗ್ಮೆಂಟ್ ಬಳಿದು ನೋಡಬೇಕು.

ಎಲ್‌ಇಡಿ ಅಂದಾಗ ನೆನಪಾಯಿತು. 365 ಅಂತ ಆರ್ಡರ್ ಮಾಡಿದ್ದಕ್ಕೆ 395 ಬಂದಿದೆ. ಸ್ಪೆಕ್ಟ್ರೋಮೀಟರ್ ಗ್ರಾಫ್ ಕಳಿಸಿದರೆ ಮಾರಾಟಗಾರರ ಉತ್ತರ: "ಎರಡೂ ಯುವಿನೇ ಅಲ್ವಾ ಸರ್?" ಸರಿಯಾದದ್ದು ಬರುವ ತನಕ 365ರ ವಾರ್ಪ್ ಫೈಲ್ ಖಾಲಿ.